ತೆಗೆಸಿದ ಗಡ್ಡೆ ಬೆನ್ನಿಗೆ ಹೇಗೆ ಬಂತು?

"ಎದೇದು ತೆಗ್ಸಿ ಆರು ವರ್ಷ ಆಯ್ತಲ್ಲ ಮಾರಾಯ್ರೇ, ಈಗ ಬೆನ್ನಿಗೆ ಹೇಗೆ ಬಂತು?"

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಈ ಸೋಮವಾರ, ಸ್ತನ ಕ್ಯಾನ್ಸರಾಗಿದ್ದ ತಮ್ಮ ಅಕ್ಕನ ಬಗ್ಗೆ ಕೇಳಿದ ಮಾತಿದು. ನನ್ನಲ್ಲಿಗೆ ಬಂದಿದ್ದು ಮಗಳ ಪಿಎಚ್‌ಡಿ ವಿಚಾರಕ್ಕೆ. ಶಂಕರಘಟ್ಟದಲ್ಲಿ ಎಂಎಸ್ಸಿ ಮುಗಿಸಿದ ಹುಡುಗಿ, ಮೂಳೆಗೆ ಹರಡುವ ಕ್ಯಾನ್ಸರ್ ಕುರಿತ ಸಂಶೋಧನೆಯ ಹುದ್ದೆಗೆ ಅರ್ಜಿ ಬರೆದು ತಂದಿದ್ದಳು. ಮೊದಲ ಸಾಲೇ 'ಕ್ಯಾನ್ಸರ್ ಸಂಶೋಧನೆಯಲ್ಲಿ ಅಪಾರ ಆಸಕ್ತಿ'. ಅಪ್ಪನ ಪ್ರಶ್ನೆ ಅದರಲ್ಲೆಲ್ಲೂ ಇರಲಿಲ್ಲ.

ಬೆನ್ನಿಗೆ ಹೇಗೆ ಬಂತು? 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪೇಜೆಟ್ ಬೆನ್ನುಹತ್ತಿದ್ದೂ ಇದನ್ನೇ. ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ದಾಖಲೆ ನೋಡಿ ಅವನೆಂದ: ಕ್ಯಾನ್ಸರೆಂಬ ಬೀಜ ಎಲ್ಲೆಡೆ ಬಿದ್ದರೂ ಒಗ್ಗುವ ಮಣ್ಣಿನಲ್ಲೇ ಮೊಳೆಯುತ್ತದೆ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಮೂಳೆಯಲ್ಲಿ ಕರಗಿಸುವ ಆಸ್ಟಿಯೋಕ್ಲಾಸ್ಟ್, ಕಟ್ಟುವ ಆಸ್ಟಿಯೋಬ್ಲಾಸ್ಟ್ ಎಂಬ ಎರಡೂ ಬಗೆಯ ಕೋಶಗಳು ಸದಾ ಕೆಲಸದಲ್ಲಿರುತ್ತವೆ. ಸ್ತನದಿಂದ ಬಂದ ಕ್ಯಾನ್ಸರ್ ಜೀವಕೋಶ ಪಿಟಿಎಚ್‌ಆರ್‌ಪಿ ಎಂಬ ಪ್ರೋಟೀನ್ ಸುರಿಸಿದಾಗ ಆಸ್ಟಿಯೋಬ್ಲಾಸ್ಟ್ ರ‍್ಯಾಂಕ್-ಎಲ್ ಎಂಬ ಸಂಕೇತದ ಪ್ರೋಟೀನನ್ನು ಹೆಚ್ಚಿಸುತ್ತದೆ, ಅದರಿಂದ ಕರಗಿಸುವ ಕೋಶಗಳು ಹೆಚ್ಚುತ್ತವೆ. ಕರಗಿದ ಮೂಳೆಯಿಂದ ಹೊರಬಿದ್ದ ಟಿಜಿಎಫ್-ಬೀಟಾ ಎಂಬ ಬೆಳವಣಿಗೆಯ ಪ್ರೋಟೀನ್ ಕ್ಯಾನ್ಸರಿಗೇ ಗೊಬ್ಬರ. ಝೋಲೆಡ್ರಾನಿಕ್ ಆಸಿಡ್, ಡೆನೊಸುಮ್ಯಾಬ್ ಎಂಬ ಔಷಧಗಳು ಈ ಸುತ್ತನ್ನು ನಿಧಾನಗೊಳಿಸುತ್ತವೆ. ಆದರೆ ಅಷ್ಟು ವರ್ಷ ಮಜ್ಜೆಯಲ್ಲಿ ಮಲಗಿದ್ದ ಕೋಶ ಏಳುವುದು ಯಾಕೆ? ಪೂರ್ತಿ ಬಿಡಿಸಲಾಗದ ಗಂಟು ಅದು. ಇಂಥ ಹುದ್ದೆಗಳಿರುವುದು ಅದಕ್ಕೇ.

ಹುಡುಗಿಗೆ ಯಾರೋ 'ಮೈಕ್ರೋಸ್ಕೋಪ್ ನೋಡ್ಕಂಡು ಕೂರೋ ಕೆಲಸ' ಎಂದಿದ್ದರಂತೆ. ಹಾಗೆ ಹೇಳುವವರು ಮಕ್ಕಳ ದಾರಿ ತಪ್ಪಿಸುತ್ತಾರೆ. ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ, ಅರಿವಳಿಕೆ ಕೊಟ್ಟ ಇಲಿಯ ಹೃದಯದ ಎಡ ಕೆಳಕೋಣೆಗೆ 100 ಮೈಕ್ರೋಲೀಟರ್ ದ್ರವದಲ್ಲಿ ಸುಮಾರು ಒಂದು ಲಕ್ಷ ಕ್ಯಾನ್ಸರ್ ಕೋಶ ಬಿಡಬೇಕು, ರಕ್ತದೊಡನೆ ಅವು ಮೂಳೆ ಮುಟ್ಟಲೆಂದು. ಸೂಜಿ ಸರಿಯಾಗಿ ಹೊಕ್ಕಿದ್ದರೆ ಅದರ ಬುಡದಲ್ಲಿ ತಿಳಿಗೆಂಪು ರಕ್ತ ಮಿಡಿಯುತ್ತದೆ. ಕಪ್ಪುಗೆಂಪು ಕಂಡರೆ ಬಲಗಡೆ ಹೊಕ್ಕಿದೆ, ಕೋಶಗಳು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಕೋಶ ಗಂಟುಕಟ್ಟಿದ್ದರೆ ಮಿದುಳಿನ ನಾಳ ಕಟ್ಟಿ ಇಲಿ ಸಾಯುತ್ತದೆ. ಅದಕ್ಕೇ 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಪ್ರತಿ ಸಲ ಸಿರಿಂಜಿಗೆ ಎಳೆಯುವ ಮುನ್ನ ಮೆಲ್ಲಗೆ ಕದಡಬೇಕು. ಮೂರ್ನಾಲ್ಕು ವಾರ ಕಾದು ಕಾಲೆಲುಬು ತೆಗೆದರೆ, ಸುಣ್ಣ ಬಿಡಿಸಲು ಇಡಿಟಿಎ ಎಂಬ ದ್ರಾವಣದಲ್ಲಿ ಮತ್ತೆರಡು ವಾರ. ಬೇಗ ಆಗಲೆಂದು ಬಲವಾದ ಆಸಿಡ್ ಹಾಕಿದರೆ ಟ್ರ್ಯಾಪ್ ಕಿಣ್ವ ಹಾಳಾಗಿ ಆಸ್ಟಿಯೋಕ್ಲಾಸ್ಟಿಗೆ ಬಣ್ಣವೇ ಹತ್ತುವುದಿಲ್ಲ. ಒಂದೂವರೆ ತಿಂಗಳ ಕೆಲಸ ನೀರಿಗೆ.

ಹಣದ ಮಾತು ಸಣ್ಣದು: ನೆಟ್ ಪರೀಕ್ಷೆಯಿಂದ ಸಿಗುವ ಸಂಶೋಧನಾ ಭತ್ಯೆ ಜೆಆರ್‌ಎಫ್ ಇದ್ದರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ ಹಿರಿಯ ಹಂತದ ಎಸ್‌ಆರ್‌ಎಫ್ ಆದಾಗ 42,000. ಪ್ರಾಜೆಕ್ಟ್ ಹುದ್ದೆಯೇ ಬೇರೆ, ಪಿಎಚ್‌ಡಿ ನೋಂದಣಿಯೇ ಬೇರೆ. ಸೇರುವ ಮೊದಲು ತನ್ನದು ಯಾವುದೆಂದು ಇಮೇಲಿನಲ್ಲೇ ಕೇಳಿಟ್ಟುಕೊಳ್ಳಬೇಕು.

ಹುಡುಗಿ 'ಅಪಾರ ಆಸಕ್ತಿ' ಹೊಡೆದುಹಾಕಿ ಅಲ್ಲೇ ಅಪ್ಪನ ಪ್ರಶ್ನೆ ಬರೆಯತೊಡಗಿದಳು. ಅಪ್ಪನ ಮನಸ್ಸು ಅರ್ಜಿಯ ಮೇಲಿರಲಿಲ್ಲ. "ಅಕ್ಕನಿಗೆ ನಾವೇನು ನೋಡ್ಕಬೇಕು?" ಎಂದರು. ನಾನು ಹೇಳಿದ್ದಿಷ್ಟು: ಝೋಲೆಡ್ರಾನಿಕ್ ಕೊಡುವ ಮುನ್ನ ಹಲ್ಲು ತೋರಿಸಿ, ಆಮೇಲೆ ಹಲ್ಲು ಕೀಳಿಸಿದರೆ ದವಡೆ ಮೂಳೆ ಮಾಯದೆ ಕೊಳೆಯಬಹುದು. ಕಾಲು ಸೋತರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆಳಗಾಗಲೆಂದು ಕಾಯಬೇಡಿ. ಎಂಥ ಮಳೆಯಿದ್ದರೂ ಆಗಲೇ ಶಿವಮೊಗ್ಗಕ್ಕೆ ಕರೆತನ್ನಿ. ಬೆನ್ನುಹುರಿ ಒತ್ತಿಕೊಂಡರೆ ಅದು ಗಂಟೆಗಳ ಲೆಕ್ಕ.