ಸೊಂಟದ ಕೀಲಿನ ನೋವು: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ವಯಸ್ಸಾದವರು ಮಂಡಿ ನೋವು ಎಂದಾಗ ಮಂಡಿಯನ್ನಷ್ಟೇ ನೋಡಿ ಮುಗಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಆದರೆ ಸೊಂಟದ ಕೀಲಿಗೂ ಮಂಡಿಗೂ ಹೋಗುವ ಕೆಲವು ನರಗಳು ಒಂದೇ ಆಗಿರುವುದರಿಂದ, ಕೀಲು ಸವೆದವರಿಗೆ ನೋವು ತೊಡೆಯ ಮುಂಭಾಗದಲ್ಲಿ ಇಳಿದು ಮಂಡಿಯಲ್ಲಿ ಕಾಣಿಸಿಕೊಳ್ಳಬಹುದು. ನನ್ನ ತಾಯಿಗೆ ಹೀಗೆಯೇ ಆಯಿತು. ಮಂಡಿಗೆ ಮುಲಾಮು ಹಚ್ಚಿ, ಪಟ್ಟಿ ಕಟ್ಟಿ ಹಲವು ತಿಂಗಳು ಕಳೆದ ಮೇಲೆ ಮೂಳೆ ವೈದ್ಯರೊಬ್ಬರು ಅವರನ್ನು ಅಂಗಾತ ಮಲಗಿಸಿ, ಕಾಲು ಮಡಿಸಿ, ತೊಡೆಯನ್ನು ನಿಧಾನವಾಗಿ ತಿರುಗಿಸಿ ನೋಡಿದರು. ಅಮ್ಮ ಕೂಡಲೇ ತೊಡೆಸಂದನ್ನು ಹಿಡಿದುಕೊಂಡರು. ಸವೆದದ್ದು ಸೊಂಟದ ಕೀಲು ಎಂಬುದನ್ನು ಎಕ್ಸ್-ರೇ ಖಚಿತಪಡಿಸಿತು. ಇಂಥದ್ದು ಬೇರೆಯವರ ಮನೆಯಲ್ಲಿ ಆಗಬಾರದೆಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇನೆ.

ಸೊಂಟ ನೋವು ಎನ್ನುವವರನ್ನು ಮೊದಲು ಕೇಳಬೇಕಾದದ್ದು, ಬೆರಳಿಟ್ಟು ತೋರಿಸಿ ಎಂದು. ರುಬ್ಬುವ ಒರಳಿನಲ್ಲಿ ಗುಂಡುಕಲ್ಲು ಕುಳಿತಂತೆ ತೊಡೆಮೂಳೆಯ ದುಂಡು ತಲೆ ಸೊಂಟದ ಮೂಳೆಯ ಗುಳಿಯೊಳಗೆ ಕುಳಿತಿರುತ್ತದೆ. ಈ ಕೀಲು ಬಹಳ ಆಳದಲ್ಲಿರುವುದರಿಂದ ಅದರ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿ ತೋರುತ್ತದೆ. ಸೊಂಟದ ಹೊರಮಗ್ಗುಲಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬಿನ ಮೇಲೆ ನೋವಿದ್ದು, ಆ ಬದಿಗೆ ಹೊರಳಿ ಮಲಗಿದರೆ ಹೆಚ್ಚಾಗುತ್ತಿದ್ದರೆ, ಅದು ಹೆಚ್ಚಾಗಿ ಪೃಷ್ಠದ ಸ್ನಾಯುಗಳನ್ನು ಮೂಳೆಗೆ ಅಂಟಿಸುವ ಕಂಡರಗಳಿಗೆ ಸಂಬಂಧಿಸಿದ್ದು. ನಲವತ್ತು ದಾಟಿದ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ. ಸರಿಯಾದ ವ್ಯಾಯಾಮದಿಂದ ಬಹುಪಾಲು ಜನರಿಗೆ ವಾಸಿಯಾಗುತ್ತದೆ. ಪೃಷ್ಠದಲ್ಲಿ ಹುಟ್ಟಿ, ಜೋಮು ಹಿಡಿದಂತೆ ಮಂಡಿಯ ಕೆಳಗೂ ಇಳಿಯುವ ನೋವಿನ ಮೂಲ ಹೆಚ್ಚಿನ ಸಂದರ್ಭಗಳಲ್ಲಿ ಬೆನ್ನುಮೂಳೆಯಲ್ಲಿರುತ್ತದೆ.

ಕೀಲು ಸವೆತ ಒಂದೇ ದಿನದಲ್ಲಿ ಬರುವುದಿಲ್ಲ. ಕಾಲಿನ ಉಗುರು ಕತ್ತರಿಸಲು ಬಗ್ಗಲಾಗದಿರುವುದು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲಾಗದಿರುವುದು, ಬಸ್ಸಿನ ಮೆಟ್ಟಿಲು ಹತ್ತುವಾಗ ಕಾಲನ್ನು ಕೈಯಿಂದ ಎತ್ತಿಡಬೇಕಾಗುವುದು, ಇವೆಲ್ಲ ನೋವಿಗಿಂತಲೂ ಮೊದಲೇ ಕಾಣಬಹುದಾದ ಸುಳಿವುಗಳು. ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುವುದು ಸವೆತದ ಲಕ್ಷಣ. ಅದಕ್ಕಿಂತ ಬಹಳ ಹೊತ್ತು ಉಳಿದು, ಓಡಾಡಿದಷ್ಟೂ ಹಗುರಾಗುತ್ತಿದ್ದರೆ, ಮುಖ್ಯವಾಗಿ ಹರೆಯದವರಲ್ಲಿ, ಉರಿಯೂತದ ಸಂಧಿವಾತವನ್ನು ಶಂಕಿಸಬೇಕು. ಸವೆತಕ್ಕೆ ತೂಕ ಇಳಿಸುವುದು, ಸ್ನಾಯು ಬಲಪಡಿಸುವ ವ್ಯಾಯಾಮ, ಎತ್ತರದ ಕಮೋಡ್ ಮತ್ತು ಊರುಗೋಲು ನಿಜವಾದ ಉಪಕಾರ ಮಾಡುತ್ತವೆ. ಊರುಗೋಲನ್ನು ನೋವಿರುವ ಬದಿಯ ಕೈಯಲ್ಲಲ್ಲ, ಅದರ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಹೀಗೆ ಹಿಡಿದಾಗಲೇ ಕೀಲಿನ ಮೇಲಿನ ಭಾರ ಕಡಿಮೆಯಾಗುವುದು. ಎಕ್ಸ್-ರೇಯಲ್ಲಿ ಸವೆತ ಕಂಡಿತೆಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಆತುರಪಡಬೇಕಾಗಿಲ್ಲ. ಆದರೆ ನೋವು ರಾತ್ರಿಯ ನಿದ್ದೆಯನ್ನು ಕೆಡಿಸುತ್ತಿದ್ದರೆ, ನಡಿಗೆ ಮನೆಯಂಗಳಕ್ಕೆ ಸೀಮಿತವಾಗಿದ್ದರೆ, ಕೀಲು ಬದಲಾವಣೆಯನ್ನು ವರ್ಷಗಟ್ಟಲೆ ಮುಂದೂಡುವುದೂ ಒಳ್ಳೆಯದಲ್ಲ. ಜಾನ್ ಚಾರ್ನ್ಲಿ ಎಂಬ ವೈದ್ಯರು 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೂಢಿಗೆ ತಂದ ಈ ಶಸ್ತ್ರಚಿಕಿತ್ಸೆ ಇಂದು ಬಹಳ ಪಳಗಿದ ಚಿಕಿತ್ಸೆಯಾಗಿದೆ.

ಮೂವತ್ತು-ನಲವತ್ತರ ಹರೆಯದವರ ತೊಡೆಸಂದಿನ ನೋವು ನನಗೆ ಹೆಚ್ಚು ಆತಂಕ ತರುತ್ತದೆ. ತೊಡೆಮೂಳೆಯ ತಲೆಗೆ ರಕ್ತಪೂರೈಕೆ ನಿಂತು ಮೂಳೆ ಸಾಯುವ ಕಾಯಿಲೆಯನ್ನು ಆಸ್ಪತ್ರೆಗಳಲ್ಲಿ ಎ.ವಿ.ಎನ್. ಎನ್ನುತ್ತಾರೆ. ಹೆಚ್ಚಿನ ಪ್ರಮಾಣದ ಸ್ಟಿರಾಯ್ಡ್, ಅತಿಯಾದ ಮದ್ಯಪಾನ, ಸಿಕಲ್ ಸೆಲ್ ರಕ್ತಹೀನತೆ, ಹಿಂದೆ ಆಗಿದ್ದ ಮೂಳೆ ಮುರಿತ ಇದರ ಪ್ರಮುಖ ಕಾರಣಗಳು. ಕೋವಿಡ್‌ಗಾಗಿ ಸ್ಟಿರಾಯ್ಡ್ ಪಡೆದವರಲ್ಲಿ ಇದು ಕಾಣಿಸಿಕೊಂಡ ವರದಿಗಳು ನಮ್ಮ ದೇಶದಿಂದಲೇ ಬಂದವು. ಆರಂಭದಲ್ಲಿ ಎಕ್ಸ್-ರೇ ಸಂಪೂರ್ಣ ಸರಿಯಾಗಿರಬಹುದು, ಎಂ.ಆರ್.ಐ.ಯಲ್ಲಿ ಮಾತ್ರ ಗೊತ್ತಾಗುತ್ತದೆ. ಮೂಳೆಯ ತಲೆ ಕುಸಿಯುವ ಮುನ್ನ ಪತ್ತೆಯಾದರೆ ಸ್ವಂತ ಕೀಲನ್ನು ಉಳಿಸಿಕೊಳ್ಳುವ ಅವಕಾಶವಿರುತ್ತದೆ. ವಾಯು ನೋವಿಗೆಂದು ಹೆಸರು, ಚೀಟಿ ಯಾವುದೂ ಇಲ್ಲದೆ ಮಾರುವ ಪುಡಿ-ಮಾತ್ರೆಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವ ಸಾಧ್ಯತೆ ಇರುವುದರಿಂದ, ಅವುಗಳಿಂದ ಎರಡೇ ದಿನಕ್ಕೆ ನೋವು ಮಾಯವಾಯಿತೆಂದರೆ ಸಂತೋಷಪಡುವ ಬದಲು ಎಚ್ಚರಗೊಳ್ಳಬೇಕು.

ನಮ್ಮ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯನ್ನೂ ಇಲ್ಲಿ ನೆನೆಯಬೇಕು. 1970ರ ದಶಕದ ಮಧ್ಯಭಾಗದಲ್ಲಿ ಹಂದಿಗೋಡು ಗ್ರಾಮದ ದಲಿತ ಕುಟುಂಬಗಳಲ್ಲಿ ಮೊದಲು ಗಮನಕ್ಕೆ ಬಂದ ಈ ಕಾಯಿಲೆ ಸೊಂಟ ಮತ್ತು ಮಂಡಿಯ ಕೀಲುಗಳನ್ನು ವಿರೂಪಗೊಳಿಸಿ, ದುಡಿಯುವ ವಯಸ್ಸಿನಲ್ಲೇ ಜನರನ್ನು ನೆಲಕ್ಕೆ ಕೂರಿಸಿತು. ಗದ್ದೆಗೆ ಹೊಡೆದ ಕೀಟನಾಶಕದ ವಿಷವೇರಿದ ಏಡಿಗಳನ್ನು ತಿಂದದ್ದು ಕಾರಣವಿರಬಹುದೆಂದು ಮೊದಲು ಶಂಕಿಸಲಾಯಿತು. ಅದು ವಂಶವಾಹಿಯ ಮೂಲಕ ಬರುವ ಮೂಳೆ ಬೆಳವಣಿಗೆಯ ದೋಷವೆಂದು ನಂತರದ ಅಧ್ಯಯನಗಳು ತೋರಿಸಿದವು. ಒಂದೇ ಮನೆಯಲ್ಲಿ ಹಲವರಿಗೆ ಎಳೆಯ ವಯಸ್ಸಿನಲ್ಲೇ ಕೀಲು ನೋವಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕೆನ್ನಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಇನ್ನು, ಒಂದು ದಿನವೂ ಕಾಯಬಾರದ ಸಂದರ್ಭಗಳಿವೆ. ವಯಸ್ಸಾದವರು ಬಚ್ಚಲಿನಲ್ಲಿ ಜಾರಿಬಿದ್ದು, ಕಾಲು ಗಿಡ್ಡವಾದಂತೆ ತೋರಿ ಪಾದ ಹೊರಕ್ಕೆ ತಿರುಗಿದ್ದರೆ ತೊಡೆಮೂಳೆಯ ಕತ್ತು ಮುರಿದಿರುವ ಸಂಭವ ಹೆಚ್ಚು. ಕೆಲವರು ಮುರಿದ ಮೇಲೂ ಕುಂಟುತ್ತಾ ನಡೆಯಬಲ್ಲರು. ಹಾಗಾಗಿ ನಡೆಯುತ್ತಿದ್ದಾರೆಂಬ ಧೈರ್ಯದಿಂದ ಎಣ್ಣೆ ಹಚ್ಚಿ ನೀವಿಸುವುದಾಗಲಿ, ಉಳುಕು ತೆಗೆಸುವುದಾಗಲಿ ಕೂಡದು. ಇಂಥ ಮುರಿತಕ್ಕೆ ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಚೇತರಿಕೆ ಉತ್ತಮ. ಹಾಸಿಗೆ ಹಿಡಿದಷ್ಟೂ ನ್ಯುಮೋನಿಯಾ, ಹಾಸಿಗೆಹುಣ್ಣುಗಳ ಅಪಾಯ ಏರುತ್ತದೆ. ಜ್ವರದೊಡನೆ ಕೀಲು ನೋಯುತ್ತಿದ್ದು ಮಗು ಕಾಲೂರಲು ನಿರಾಕರಿಸಿದರೆ ಕೀಲಿನಲ್ಲಿ ಕೀವು ತುಂಬಿರಬಹುದು, ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು. ಹತ್ತರಿಂದ ಹದಿನಾರರ ನಡುವಿನ, ಅದರಲ್ಲೂ ಮೈತೂಕ ಹೆಚ್ಚಿರುವ ಮಕ್ಕಳು ಕುಂಟತೊಡಗಿದರೆ, ಬೆಳೆಯುವ ಮೂಳೆಯ ತಲೆ ಜಾರಿರಬಹುದಾದ್ದರಿಂದ ನಡೆಸುವುದನ್ನು ನಿಲ್ಲಿಸಿ ಅಂದೇ ತೋರಿಸಬೇಕು.

ಸಂಜೆಯ ಜ್ವರ, ತೂಕ ಇಳಿಕೆ, ರಾತ್ರಿ ಎಬ್ಬಿಸುವ ನೋವು ಇದ್ದರೆ ಕೀಲಿನ ಕ್ಷಯದ ಪರೀಕ್ಷೆ ಆಗಬೇಕು. ಹಿಂದೆ ಕ್ಯಾನ್ಸರ್ ಬಂದು ಹೋಗಿದ್ದರೆ ಅದನ್ನೂ ಹೇಳಬೇಕು. ಇವು ಯಾವುವೂ ಇಲ್ಲದ, ಕೆಲಸ ಹೆಚ್ಚಾಗಿ ಬಂದ ನೋವಿಗೆ ಎರಡು ವಾರ ವಿಶ್ರಾಂತಿ ಕೊಟ್ಟು ನೋಡಬಹುದು. ಆಮೇಲೂ ಉಳಿದರೆ, ಹಿಂದೆ ತೆಗೆದುಕೊಂಡ ಔಷಧಿಗಳ ಚೀಟಿಗಳನ್ನೆಲ್ಲ ಜೊತೆಗಿಟ್ಟುಕೊಂಡು ಮೂಳೆ ವೈದ್ಯರನ್ನು ಕಾಣಬೇಕು.