ಮಳೆಗೆ ಉಬ್ಬಿದ ಪೆಟ್ಟಿಗೆ

ಶಾಲೆಯ ದಿನಗಳ ನೆನಪು ಬರೆಯುವುದಾದರೆ, ಹಾಕಿ ಕಪ್ ಗೆದ್ದವರು ಅದರ ಬಗ್ಗೆ ಬರೆಯಲಿ. ನಾನು ನಮ್ಮ ಶಾಲೆಯ ಸ್ಟೇಜ್ ಮೇಲೆ ಮಾನ ಕಳೆದುಕೊಂಡ ಕಥೆ ಬರೆಯುತ್ತೇನೆ.

ಎಂಟನೇ ಕ್ಲಾಸು. ಆಗಸ್ಟ್ 15. ಕೊಡಗಿನ ಆಗಸ್ಟ್ ಅಂದರೆ ಗೊತ್ತಲ್ಲ, ಹಾಲ್‌ನ ಶೀಟಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮುಖ್ಯ ಅತಿಥಿಗಳ ಭಾಷಣ ಯಾರಿಗೂ ಕೇಳಿಸಿರಲಿಲ್ಲ. ಅದಾದ ಮೇಲೆ ನನ್ನ ಮ್ಯಾಜಿಕ್. ನಮ್ಮೂರಿನ ಆಚಾರಿಯ ಕೈಲಿ ಸಿಲ್ವರ್ ಓಕ್ ಹಲಗೆಯ ಪುಟ್ಟ ಪೆಟ್ಟಿಗೆ ಮಾಡಿಸಿದ್ದೆ. ಅದಕ್ಕೆ ಎರಡು ತಳ. ಕರವಸ್ತ್ರ ಒಳಗೆ ಹಾಕಿ, ಮುಚ್ಚಿ, ತೆಗೆದರೆ ಮಾಯ. ಮನೆಯಲ್ಲಿ ಒಲೆ ಮುಂದೆ ಕೂತು ಹದಿನೈದು ದಿನ ಮಾಡಿದ್ದೆ, ಒಂದು ಸಲವೂ ತಪ್ಪಿರಲಿಲ್ಲ.

ಸ್ಟೇಜ್ ಮೇಲೆ ಒಳಗಿನ ಹಲಗೆ ಜಾರಲೇ ಇಲ್ಲ. ಎಳೆದೆ, ಅಲ್ಲಾಡಿಸಿದೆ, ಮಂತ್ರವನ್ನು ಇನ್ನೊಂದು ಸಲ ಹೇಳಿದೆ. ಮುಂದಿನ ಸಾಲಿನಿಂದ ಒಬ್ಬ, ‘ಒಳಗೇ ಉಂಟು ಮಾರಾಯ!’ ಎಂದು ಕೂಗಿದ. ಮಳೆಯ ಸದ್ದಿನಲ್ಲೂ ಅದು ಮಾತ್ರ ಎಲ್ಲರಿಗೂ ಕೇಳಿಸಿತು.

ನಮ್ಮ ವಿಜ್ಞಾನದ ಮೇಷ್ಟ್ರು ಆಮೇಲೆ ಪೆಟ್ಟಿಗೆ ಇಸ್ಕೊಂಡು ತಿರುಗಿಸಿ ನೋಡಿದರು. ‘ಒಲೆ ಹತ್ರ ಇಡ್ತಿದ್ಯಾ? ಅಲ್ಲಿ ಒಣಗಿತ್ತು. ಇಲ್ಲಿ ಥಂಡಿ ಕುಡಿದು ಉಬ್ಬಿದೆ. ನಿನ್ನ ಕೈಯದ್ದೇನೂ ತಪ್ಪಿಲ್ಲ’ ಎಂದರು. ಮಾರನೇ ದಿನ ಒಂದು ಹಳೆಯ ಕ್ಯಾಟಲಾಗ್ ತಂದುಕೊಟ್ಟರು. ಯಾವುದೋ ತೋಟದ ಬಂಗಲೆಯ ಸಾಮಾನು ಹರಾಜಾದಾಗ ಸಿಕ್ಕಿದ್ದಂತೆ. ಪುಟದ ತುಂಬ ಪೆಟ್ಟಿಗೆಗಳು, ಮೇಜುಗಳು, ಪಕ್ಕದಲ್ಲಿ ಡಾಲರ್‌ನಲ್ಲಿ ಬೆಲೆ. ‘ಅಬಾಟ್ಸ್’ ಎಂಬ ಹೆಸರು ನಾನು ಓದಿದ್ದು ಅಲ್ಲೇ. ಮ್ಯಾಜಿಕ್ ಸಾಮಾನಿಗೂ ಒಂದು ಕಾರ್ಖಾನೆ ಇರುತ್ತದೆ ಎಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಮುಂದಿನದ್ದು ಮೇಷ್ಟ್ರು ಹೇಳಿದ್ದು ಸ್ವಲ್ಪ, ನಾನೇ ಹುಡುಕಿ ಓದಿದ್ದು ಜಾಸ್ತಿ. ಪರ್ಸಿ ಅಬಾಟ್ 1886ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದವರು. (ನನ್ನ ಮಾನ ಕಳೆದ ಸಿಲ್ವರ್ ಓಕ್ ಮರವೂ ಆಸ್ಟ್ರೇಲಿಯಾದಿಂದಲೇ ನಮ್ಮ ಕಾಫಿ ತೋಟಕ್ಕೆ ಬಂದದ್ದು!) ಊರೂರು ಸುತ್ತಿ ಪ್ರದರ್ಶನ ಕೊಡುತ್ತಿದ್ದ ಜಾದೂಗಾರ. 1920ರ ದಶಕದಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕೊಲೊನ್ ಎಂಬ ಹಳ್ಳಿಗೆ ಬಂದರು. ಆಗ ದೊಡ್ಡ ಹೆಸರಾಗಿದ್ದ ಹ್ಯಾರಿ ಬ್ಲ್ಯಾಕ್‌ಸ್ಟೋನ್ ಅಲ್ಲಿ ಕೆರೆ ಪಕ್ಕ ಜಾಗ ಮಾಡಿಕೊಂಡು, ಬೇಸಿಗೆಯಲ್ಲಿ ತಂಡದ ಜೊತೆ ತಾಲೀಮು ನಡೆಸುತ್ತಿದ್ದರು. ನೆಂಟನ ಹಾಗೆ ಬಂದ ಅಬಾಟ್ ಆ ಊರಿನ ಹುಡುಗಿಯನ್ನೇ ಮದುವೆಯಾದರು. ಇಬ್ಬರು ಜಾದೂಗಾರರೂ ಸೇರಿ ಮ್ಯಾಜಿಕ್ ಸಾಮಾನಿನ ಕಂಪನಿ ತೆರೆದರು. ಅದು ಬೇಗನೆ ಮುರಿದುಬಿತ್ತು. ಒಂದೇ ಸ್ಟೇಜಿಗೆ ಇಬ್ಬರು ಜಾದೂಗಾರರು ಆಗಿಬರುವುದು ಕಷ್ಟ, ಅಲ್ವಾ?

ಅಬಾಟ್ ಸುಮ್ನೆ ಕೂರಲಿಲ್ಲ. 1934ರಲ್ಲಿ ತಮ್ಮದೇ ಹೆಸರಿನಲ್ಲಿ ಮತ್ತೆ ಶುರು ಮಾಡಿದರು. ಈ ಸಲ ಪಾಲುದಾರರಾಗಿ ಬಂದವರು ಓಹಾಯೋದ ರೈತನ ಮಗ, ರೆಸಿಲ್ ಬಾರ್ಡ್ನರ್. ಈ ಜೋಡಿ ಬಾಳಿತು. ಮರಗೆಲಸ, ಬಣ್ಣ, ಹೊಲಿಗೆ, ಪ್ಯಾಕಿಂಗ್, ಎಲ್ಲವೂ ಆ ಹಳ್ಳಿಯಲ್ಲೇ. ಸಾಮಾನು ಟಪಾಲಿನಲ್ಲಿ ದೂರದೂರಕ್ಕೆ ಹೋಗುತ್ತಿತ್ತು. ಕಪ್ಪು ಬಣ್ಣ ಬಳಿದ ಕಟ್ಟಡ, ಅದರ ಮೇಲೆ ಬಿಳಿ ಅಸ್ಥಿಪಂಜರದ ಚಿತ್ರಗಳು. ನಮ್ಮೂರಲ್ಲಾಗಿದ್ದರೆ ಸಂಜೆ ಮೇಲೆ ಆ ದಾರಿಯಲ್ಲಿ ಯಾರೂ ಹೋಗುತ್ತಿರಲಿಲ್ಲ.

ಅದೇ 1934ರಲ್ಲಿ ಗಿರಾಕಿಗಳಾದ ಜಾದೂಗಾರರನ್ನೆಲ್ಲ ಊರಿಗೆ ಕರೆದರು. ಆ ಕೂಟ ಈಗಲೂ ಆಗಸ್ಟ್‌ನಲ್ಲಿ ನಡೆಯುತ್ತದೆ. ಸುಮಾರು 1,200 ಜನರ ಊರು, ಲಾಡ್ಜುಗಳು ಕಡಿಮೆ. ಹಾಗಾಗಿ ಊರಿನವರು ತಮ್ಮ ಮನೆಗಳಲ್ಲೇ ರೂಮು ಕೊಡುತ್ತಾರೆ. ಕೊಡಗಿನವರಿಗೆ ಹೋಂಸ್ಟೇ ಬಗ್ಗೆ ಹೇಳಿಕೊಡಬೇಕಿಲ್ಲ ಬಿಡಿ. ನನಗೆ ತುಂಬಾ ಖುಷಿ ಕೊಟ್ಟದ್ದು ಬೇರೆ ವಿಷಯ: ದೊಡ್ಡ ಪ್ರದರ್ಶನಗಳು ನಡೆಯುವುದು ಅಲ್ಲಿಯ ಹೈಸ್ಕೂಲಿನಲ್ಲಿ. ಆಗಸ್ಟ್, ಶಾಲೆಯ ಹಾಲ್, ಮ್ಯಾಜಿಕ್. ಅಲ್ಲೂ ಯಾರದ್ದಾದರೂ ಪೆಟ್ಟಿಗೆ ಕೈಕೊಟ್ಟಿರಬೇಕು ಎಂದುಕೊಂಡು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ.

ಅಬಾಟ್ 1960ರಲ್ಲಿ ತೀರಿಕೊಂಡರು. ಕಂಪನಿಯನ್ನು ಬಾರ್ಡ್ನರ್ ನಡೆಸಿದರು. ಕೊಲೊನ್‌ನ ಸ್ಮಶಾನದಲ್ಲಿ ಜಾದೂಗಾರರ ಸಮಾಧಿಗಳ ಸಾಲೇ ಇದೆ. ಮುನಿಸಿಕೊಂಡು ಬೇರೆಯಾದ ಬ್ಲ್ಯಾಕ್‌ಸ್ಟೋನ್ ಕೂಡ ಕೊನೆಗೆ ಮಲಗಿದ್ದು ಆ ಊರಿನಲ್ಲೇ.

ನಾನು ಜಾದೂಗಾರನಾಗಲಿಲ್ಲ. ಗೋಣಿಕೊಪ್ಪದ ಹತ್ತಿರ ಮರಗೆಲಸದ ಶೆಡ್ ಇಟ್ಟುಕೊಂಡಿದ್ದೇನೆ. ಯಾರಾದರೂ ಮೇ ತಿಂಗಳಲ್ಲಿ ಬಂದು ಮಳೆಗೆ ಮುಂಚೆ ಬಾಗಿಲು ಆಗಬೇಕು ಎಂದು ಅವಸರ ಮಾಡಿದರೆ, ಮರ ಒಣಗಿದೆಯೋ ಇಲ್ಲವೋ ಎಂದು ಮೊದಲು ನೋಡುತ್ತೇನೆ. ಬೈಸಿಕೊಂಡದ್ದೂ ಉಂಟು.

ಆ ಪೆಟ್ಟಿಗೆ ಇನ್ನೂ ಶೆಡ್ಡಿನ ಕಪಾಟಿನಲ್ಲಿದೆ. ಬೇಸಿಗೆ ರಜೆಯಲ್ಲಿ ಬರುವ ಮಕ್ಕಳಿಗೆ ಕರವಸ್ತ್ರ ಮಾಯ ಮಾಡಿ ತೋರಿಸುತ್ತೇನೆ. ಜೂನ್ ಬಂದ ಮೇಲೆ ಯಾರು ಕೇಳಿದರೂ ತೋರಿಸುವುದಿಲ್ಲ.