ಕೋಳಿಗೆ ಜೋಳ ಹಾಕಿದರೆ ಸಾಕಲ್ವಾ?

ಸಾಕಾಗಲ್ಲ. ಅವಸರ ಇದ್ದವರು ಇಲ್ಲಿಂದಲೇ ಹೋಗಬಹುದು.

ಸಿಂದಗಿ ಹತ್ತಿರದ ಹೊಲದಲ್ಲಿ ಇನ್ನೂರು ಮೊಟ್ಟೆ ಕೋಳಿ ತಂದಿಟ್ಟ ದಿನದಿಂದ ಸಂತೆಗೆ ಹೋಗಲಿ, ಮದುವೆಗೆ ಹೋಗಲಿ, ಇದೇ ಪ್ರಶ್ನೆ. "ಅಲ್ಲ ತಂಗಿ, ಮನ್ಯಾಗ ಜ್ವಾಳ ಇದ್ದಾವ, ಸುಮ್ನ ಫೀಡಿಗ್ಯಾಕ ರೊಕ್ಕ ಹಾಕ್ತಿ?" ಆ 'ಸುಮ್ನ' ಕೇಳಿದರೆ ನನಗೆ ಮೈ ಉರಿಯುತ್ತದೆ. ಅದರ ಬೆನ್ನಿಗೇ ಇನ್ನೊಂದು: "ನಿಮ್ಮ ಆಯಿ ಯಾವ ಫೀಡ್ ಹಾಕತಿದ್ಲು?"

ಆಯಿ ಸಂಜೆ ಒಂದು ಹಿಡಿ ನುಚ್ಚು ಹಾಕುತ್ತಿದ್ದಳು, ಅಷ್ಟೇ. ಉಳಿದದ್ದೆಲ್ಲ ತಿಪ್ಪೆಯಲ್ಲಿತ್ತು. ಹುಳ, ಗೆದ್ದಲು, ಹಸಿ ಸೊಪ್ಪು. ಆ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ದೊಡ್ಡದು. ನನ್ನವು ಮುನ್ನೂರರ ಹತ್ತಿರ ಇಡುವ ತಳಿ, ಅದೂ ಜಾಲರಿಯೊಳಗೆ. ಅವಕ್ಕೆ ತಿಪ್ಪೆ ಎಲ್ಲಿಂದ ತರಲಿ?

ಜೋಳ ಕೆಟ್ಟದ್ದು ಅಂತಲ್ಲ. ಗೊಂಜಾಳದ, ಅಂದರೆ ಮೆಕ್ಕೆಜೋಳದ, ರೇಟ್ ಏರಿದಾಗ ನಾನೂ ಅರ್ಧಕ್ಕರ್ಧ ಜೋಳ ಬೆರೆಸುತ್ತೇನೆ. ಆದರೆ ನಮ್ಮ ಬಿಳಿ ಮಾಲದಂಡಿ ಜೋಳದಲ್ಲಿ ಗೊಂಜಾಳದ ಬಣ್ಣ ಇಲ್ಲ, ಮೊಟ್ಟೆಯ ಹಳದಿ ಬಿಳಿಚಿಕೊಳ್ಳುತ್ತದೆ. "ನಿನ್ನ ಕೋಳಿಗೆ ರಕ್ತ ಕಡಿಮಿ ಆಗೇತೇನು?" ಅಂತ ಒಬ್ಬರು ಕೇಳಿದರು. ಆಗ ಬಣ್ಣಕ್ಕೆ ಅಂತ ಒಂದಿಷ್ಟು ಕುದುರೆ ಮೆಂತೆ ಸೊಪ್ಪು ಕೊಯ್ದು ಹಾಕುತ್ತೇನೆ.

ನಿಜವಾದ ತೊಂದರೆ ಬೇರೆ. ಮೊಟ್ಟೆ ಇಡುವ ಕೋಳಿಗೆ ನೂರಕ್ಕೆ 16-17 ಪಾಲು ಪ್ರೋಟೀನ್ ಬೇಕು, ಜೋಳದಲ್ಲಿರುವುದು ಸುಮಾರು 10. ಸಿಪ್ಪೆಯ ಲೆಕ್ಕ ಇನ್ನೂ ಮಜಾ. ಒಂದು ಮೊಟ್ಟೆಯ ಸಿಪ್ಪೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಅದು ಬರೀ ಜೋಳದಿಂದ ಬರಬೇಕು ಅಂದರೆ ಕೋಳಿ ದಿನಕ್ಕೆ ಏಳು ಕಿಲೋ ತಿನ್ನಬೇಕು. ತಿನ್ನೋದು 110 ಗ್ರಾಂ! ಸಾಲದ್ದನ್ನು ತನ್ನ ಎಲುಬಿನಿಂದಲೇ ಕಿತ್ತು ಕೊಡುತ್ತದೆ, ಆಮೇಲೆ ಕಾಲು ಬಿದ್ದು ಕೂರುತ್ತದೆ.

ಹಾಗಾಗಿ ನನ್ನ ಫೀಡಿನ ಒಂದು ಕ್ವಿಂಟಲ್‌ನಲ್ಲಿ ಕಾಳು (ಗೊಂಜಾಳ, ಜೋಳ) 60 ಕಿಲೋ, ಸೋಯಾ ಹಿಂಡಿ 25, ಸುಣ್ಣಕಲ್ಲಿನ ಹರಳು 9, ತೌಡು 4, ಉಳಿದ ಎರಡು ಕಿಲೋ ಉಪ್ಪು, ಮಿನರಲ್, ವಿಟಮಿನ್. ಮರಿಗಳಿಗೆ ಇದನ್ನು ಹಾಕಬೇಡಿ, ಇಷ್ಟು ಸುಣ್ಣ ಅವುಗಳ ಮೂತ್ರಪಿಂಡ ಕೆಡಿಸುತ್ತದೆ. ಅಗ್ಗ ಅಂತ ಹತ್ತಿಕಾಳು ಹಿಂಡಿಯನ್ನೂ ಬೆರೆಸಬೇಡಿ. ನಾನು ಬೆರೆಸಿದ್ದೆ. ವಾರ ಇಟ್ಟ ಮೊಟ್ಟೆ ಒಡೆದರೆ ಹಳದಿ ಹೋಗಿ ಪಾಚಿ ಬಣ್ಣ. ಎರಡು ಟ್ರೇ ವಾಪಸ್ ಬಂತು. ಈ ಮಾತು ಇಲ್ಲಿಗೇ ಬಿಡೋಣ.

ಇಷ್ಟೆಲ್ಲ ಕೇಳುವವರು "ಕಾಳು ಎಲ್ಲಿ ಇಟ್ಟಿದ್ದಿ?" ಅಂತ ಒಬ್ಬರೂ ಕೇಳಲ್ಲ. ಕೇಳಬೇಕಾದದ್ದು ಅದು.

ಹೋದ ಮಳೆಗಾಲದಲ್ಲಿ ಒಬ್ಬ ಕಾಕಾ ಗೊಂಜಾಳದ ಚೀಲ ಹೊತ್ತು ತಂದರು. "ತೊಯ್ದಾವ, ಮಂದಿಗೆ ಬರೂದಿಲ್ಲ, ನಿನ್ನ ಕೋಳಿಗೆ ನಡೀತಾವ." ಮುಖದಲ್ಲಿ ದಾನ ಕೊಡುವ ಕಳೆ ಬೇರೆ. ನಾನು ಮೊಣಕೈವರೆಗೆ ಕೈ ಇಳಿಸಿದೆ. ಮೇಲೆ ತಣ್ಣಗಿತ್ತು, ಒಳಗೆ ಬೆಚ್ಚಗೆ. ಒಂದು ಕಾಳು ಕಡಿದೆ. ಒಣಗಿದ ಕಾಳು ಕಟ್ ಅನ್ನಬೇಕು, ಇದು ಹಲ್ಲಿಗೆ ಮೆತ್ತಿಕೊಂಡಿತು. ಮೊಳಕೆ ಮೂತಿಯಲ್ಲಿ ಹಸಿರು ಬೂಸ್ಟು. ಕಾಕಾನ ಕೈಯನ್ನೂ ಹಿಡಿದು ಚೀಲದೊಳಗೆ ಇಳಿಸಿದೆ.

"ಬಿಸಲಿಗೆ ಹಾಕಿದ್ರ?"

ಬೂಸ್ಟು ಒಣಗುತ್ತದೆ, ಅದು ಬಿಟ್ಟ ವಿಷ, ಅಫ್ಲಾಟಾಕ್ಸಿನ್, ಹೋಗಲ್ಲ. ಹುರಿದರೂ ಪೂರ್ತಿ ಹೋಗಲ್ಲ. ಕೋಳಿಯ ಲಿವರ್ ಹೊಡೆಯುತ್ತದೆ ಕಾಕಾ, ಅಂದೆ.

"ಹಂಗಾರ ಎಮ್ಮಿಗೆ?"

ಹಾಲಿಗೂ ಇಳಿಯುತ್ತದೆ. ಆ ಹಾಲಿನ ಚಹಾ ಕುಡಿಯುವವರು ನೀವೇ.

ಚೀಲ ಹೆಗಲಿಗೇರಿಸಿ ಗೇಟಿನ ತನಕ ಹೋದವರು ತಿರುಗಿ ನಿಂತರು. "ತಿಪ್ಪಿಗೆ ಸುರೀಲೇನು?"

"ತೆಗ್ಗು ತೋಡಿ ಹೂಳ್ರಿ," ಅಂದೆ. "ಇಲ್ಲಾಂದ್ರ ನಿಮ್ಮ ಕೋಳಿನ ಕೆದರಿ ತಿಂತಾವ."